ರಿಕ್ಸಿ ಮಾರ್ಕಸ್ ಎಂಬ ಬ್ರಿಡ್ಜ್ ಚಾಂಪಿಯನ್, ಮತ್ತು ನಿಮ್ಮ ಜಗಲಿಯ ಇಪ್ಪತ್ತೆಂಟು

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ನನಗೆ 48 ವರ್ಷ. ಮದುವೆಯಾಗಿ ಬಂದಾಗಿನಿಂದ ಮನೆಯಲ್ಲಿ ಇಪ್ಪತ್ತೆಂಟು ಎಂಬ ಎಲೆಯಾಟ ಆಡುತ್ತಿದ್ದೇವೆ. ನಾನು, ನನ್ನ ಓರಗಿತ್ತಿ ಜೊತೆಯಾಗಿ ಕೂತರೆ ನಮ್ಮನ್ನು ಸೋಲಿಸೋದು ಕಷ್ಟ. ಈ ಮಳೆಗಾಲದಲ್ಲಿ ಮಗಳು ಬಂದಿದ್ದಾಗ ಬ್ರಿಡ್ಜ್ ಹೇಳಿಕೊಟ್ಟಳು. ಈಗ ಅದೇ ಗುಂಗು. ಅತ್ತೆಯವರು ಮಾತ್ರ ‘ಇಸ್ಪೀಟು ಹೊಕ್ಕ ಮನೆ ಉದ್ಧಾರ ಆಗಲ್ಲ’ ಅಂತಾರೆ. ಬ್ರಿಡ್ಜ್‌ನಲ್ಲಿ ಹೆಸರು ಮಾಡಿದ ಹೆಂಗಸರು ಇದ್ದಾರಾ? ಅವರ ಬದುಕು ಹೇಗಿತ್ತು? ನನ್ನ ವಯಸ್ಸಿನಲ್ಲಿ ಶುರು ಮಾಡಿದರೆ ಏನಾದರೂ ಸಾಧ್ಯವಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಾರಣ, ನಾನೂ ಇಪ್ಪತ್ತೆಂಟರಿಂದಲೇ ಬ್ರಿಡ್ಜ್‌ಗೆ ಬಂದವಳು.

1984ರ ಮಳೆಗಾಲ. ಯಜಮಾನರ ಕೆಲಸ ಭದ್ರಾವತಿಯಲ್ಲಿ, ಕ್ವಾರ್ಟರ್ಸ್‌ನಲ್ಲಿ ನಮ್ಮ ವಾಸ. ಶನಿವಾರ ಸಂಜೆ ಮೂರು ಜನ ಅವರ ಸ್ನೇಹಿತರು ಬ್ರಿಡ್ಜ್ ಆಡೋಕೆ ಬರುತ್ತಿದ್ದರು. ಒಂದು ಸಂಜೆ ಪುಷ್ಯ ಮಳೆ ಹಿಡಿದುಕೊಂಡು ಒಬ್ಬರು ಬರಲಿಲ್ಲ. ನಾಲ್ಕನೆಯವರು ಇಲ್ಲದೆ ಬ್ರಿಡ್ಜ್ ನಡೆಯೋಲ್ಲ. ಕಾಫಿ ಕೊಡೋಕೆ ಬಂದ ನನ್ನನ್ನೇ ಕೂರಿಸಿದರು. ನನಗೆ ಗೊತ್ತಿದ್ದದ್ದು ಇಪ್ಪತ್ತೆಂಟು ಮಾತ್ರ. ಅದರಲ್ಲಿ ಗುಲಾಮನೇ ದೊಡ್ಡವನು, ಅವನ ಕೆಳಗೆ ಒಂಬತ್ತು. ಕೈಯಲ್ಲಿದ್ದ ಆಟೀನು ಗುಲಾಮನನ್ನು ಕೊನೆ ತನಕ ಜೋಪಾನ ಮಾಡಿ ಇಳಿಸಿದೆ. ಪಕ್ಕದವರು ರಾಣಿ ಹಾಕಿ ಎತ್ತಿಕೊಂಡುಬಿಟ್ಟರು. ನನ್ನ ಎದುರು ಕೂತಿದ್ದ ಹಿರಿಯರು ಒಂದು ಮಾತೂ ಆಡಲಿಲ್ಲ. ಆಟ ಮುಗಿದ ಮೇಲೆ ಆಟೀನಿನ ಹದಿಮೂರು ಎಲೆಯನ್ನೂ ಆರಿಸಿ, ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಅಂತ ಎರಡರ ತನಕ ನನ್ನ ಮುಂದೆ ಸಾಲಾಗಿ ಜೋಡಿಸಿದರು. ‘ಇಲ್ಲಿ ಈ ವರಸೆ ಕಣಮ್ಮ’ ಅಂದರು, ಅಷ್ಟೇ. ಆ ಸಾಲು ಈಗಲೂ ಕಣ್ಣ ಮುಂದಿದೆ. ಒಳ್ಳೆಯ ಜೊತೆಗಾರರು ಅಂದರೆ ಹೇಗಿರುತ್ತಾರೆ ಅಂತ ಅವತ್ತು ಗೊತ್ತಾಯಿತು.

ಈಗ ನಿಮ್ಮ ಮೊದಲ ಪ್ರಶ್ನೆ. ಹೆಸರು ಮಾಡಿದ ಹೆಂಗಸರು ಬೇಕಾದಷ್ಟು ಜನ ಇದ್ದಾರೆ. ನಾನು ಒಬ್ಬರ ಕಥೆಯನ್ನು ಮಾತ್ರ ಹೇಳುತ್ತೇನೆ. ಹತ್ತು ಜನರ ಹೆಸರು ಪಟ್ಟಿ ಮಾಡಿದರೆ ನಿಮಗೆ ಏನೂ ಉಳಿಯೋಲ್ಲ.

ಅವರ ಹೆಸರು ರಿಕ್ಸಿ ಮಾರ್ಕಸ್. ಹುಟ್ಟಿದ್ದು 1910ರ ಜೂನ್ 27ರಂದು, ಬುಕೊವಿನಾ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿತ್ತು, ಈಗ ರೊಮೇನಿಯಾದಲ್ಲಿದೆ. ಅನುಕೂಲಸ್ಥ ಯಹೂದಿ ಮನೆತನ. ರಿಕ್ಸಿ ಇನ್ನೂ ಚಿಕ್ಕ ಹುಡುಗಿ ಆಗಿರುವಾಗಲೇ ಮೊದಲ ಮಹಾಯುದ್ಧ ಬಂತು. ಮನೆಯವರೆಲ್ಲ ಊರು ಬಿಟ್ಟು ವಿಯೆನ್ನಾ ಸೇರಿದರು. ಬದುಕಿನಲ್ಲಿ ಅದು ಮೊದಲ ಸಲ ಗಂಟುಮೂಟೆ ಕಟ್ಟಿದ್ದು. ಕೊನೆಯದ್ದಲ್ಲ.

ಚಿಕ್ಕ ವಯಸ್ಸಿಗೇ ಮದುವೆಯಾಯಿತು, ಒಬ್ಬಳು ಮಗಳೂ ಹುಟ್ಟಿದಳು. ಸಂಸಾರ ಸುಖವಾಗಿರಲಿಲ್ಲ. ಆ ಕಾಲಕ್ಕೆ ಬ್ರಿಡ್ಜ್ ಇನ್ನೂ ಹೊಸ ಆಟ. ನಾವು ಈಗ ಆಡೋ ಕಾಂಟ್ರಾಕ್ಟ್ ಬ್ರಿಡ್ಜ್ ರೂಪ ಪಡೆದದ್ದು 1925ರಲ್ಲಿ. ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಎಂಬ ಅಮೆರಿಕದ ಶ್ರೀಮಂತ ಹಡಗಿನ ಪ್ರಯಾಣದಲ್ಲಿ ಹೊತ್ತು ಕಳೆಯೋಕೆ ಹಳೆಯ ಬ್ರಿಡ್ಜ್‌ಗೆ ಹೊಸ ಲೆಕ್ಕ ಸೇರಿಸಿದ. ಹತ್ತು ವರ್ಷದಲ್ಲಿ ಅದು ಯುರೋಪ್ ಪೂರ್ತಿ ಹಬ್ಬಿತು. ಅದರಲ್ಲೂ ವಿಯೆನ್ನಾದವರು ಈ ಆಟವನ್ನು ತಪಸ್ಸಿನ ಹಾಗೆ ಹಿಡಿದರು. ಪಾಲ್ ಸ್ಟರ್ನ್ ಎಂಬುವವರು ಅಲ್ಲಿನ ಆಟಗಾರರಿಗೆ ಬಿಡ್ಡಿಂಗ್‌ಗೆ, ಅಂದರೆ ಎಲೆ ಇಳಿಸೋಕೆ ಮುಂಚೆ ಕೂಗೋದಕ್ಕೆ, ಒಂದು ಶಿಸ್ತಿನ ಪದ್ಧತಿಯನ್ನೇ ಕಟ್ಟಿಕೊಟ್ಟರು.

1937ರಲ್ಲಿ ಬುಡಾಪೆಸ್ಟ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಹೆಂಗಸರಿಗೆ ಅದೇ ಮೊದಲ ವಿಶ್ವ ಚಾಂಪಿಯನ್‌ಷಿಪ್. ಆಸ್ಟ್ರಿಯಾದ ಹೆಂಗಸರು ಗೆದ್ದರು, ಆ ತಂಡದಲ್ಲಿ ರಿಕ್ಸಿ ಇದ್ದರು. ಆಗ ಅವರಿಗೆ 27ರ ಆಸುಪಾಸು. ಗಂಡಸರು, ಹೆಂಗಸರು ಯಾರು ಬೇಕಾದರೂ ಆಡಬಹುದಾದ ಮುಕ್ತ ವಿಭಾಗದಲ್ಲೂ ಆಸ್ಟ್ರಿಯಾವೇ ಗೆದ್ದಿತು, ಫೈನಲ್‌ನಲ್ಲಿ ಅಮೆರಿಕದ ತಂಡವನ್ನು ಸೋಲಿಸಿ. ನಿಮಗೆ ಇಷ್ಟ ಆಗುವಂಥ ಒಂದು ಸಂಗತಿ ಇಲ್ಲಿದೆ: ಸೋತ ಆ ಅಮೆರಿಕದ ತಂಡದ ನಾಲ್ವರಲ್ಲಿ ಇಬ್ಬರು ಹೆಂಗಸರು, ಜೋಸೆಫೀನ್ ಕಲ್ಬರ್ಟ್‌ಸನ್ ಮತ್ತು ಹೆಲೆನ್ ಸೋಬೆಲ್. ತೊಂಬತ್ತು ವರ್ಷದ ಹಿಂದಿನ ಮಾತು ಇದು.

ಗೆದ್ದು ವರ್ಷ ತುಂಬಲಿಲ್ಲ. 1938ರ ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾದೊಳಗೆ ನುಗ್ಗಿತು. ಹಿಂದಿನ ವರ್ಷ ದೇಶಕ್ಕೆ ಹೆಸರು ತಂದವರೇ ಜೀವ ಉಳಿಸಿಕೊಳ್ಳಲು ಓಡಬೇಕಾಯಿತು. ರಿಕ್ಸಿ ಲಂಡನ್‌ಗೆ ಹೋದರು. ಪಾಲ್ ಸ್ಟರ್ನ್ ಕೂಡ ಲಂಡನ್‌ಗೇ ಓಡಿದರು. ರಿಕ್ಸಿ ಎರಡನೇ ಸಲ ಗಂಟುಮೂಟೆ ಕಟ್ಟಿದ್ದು ಹೀಗೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಅವರ ಬದುಕಿನಲ್ಲಿ ನನ್ನನ್ನು ಜಾಸ್ತಿ ಕಾಡೋದು ಈ ಘಟ್ಟ. ಮನೆ ಹೋಯಿತು, ಊರು ಹೋಯಿತು, ಗೆದ್ದುಕೊಟ್ಟ ದೇಶವೇ ಇಲ್ಲವಾಯಿತು. ಜೊತೆಗೆ ಬಂದದ್ದು ಬ್ರಿಡ್ಜ್. ಬ್ರಿಡ್ಜ್ ಅಂದರೆ ಒಂದು ಭಾಷೆ ಇದ್ದ ಹಾಗೆ. ಬಿಡ್ಡಿಂಗ್‌ನಲ್ಲಿ ಆಡಬಹುದಾದ ಮಾತು ಒಟ್ಟು 38 ಮಾತ್ರ: 35 ಬಿಡ್‌ಗಳು, ಜೊತೆಗೆ ಪಾಸ್, ಡಬಲ್, ರೀಡಬಲ್. ಇಷ್ಟರಲ್ಲೇ ನಿಮ್ಮ ಹದಿಮೂರು ಎಲೆಯ ಸುದ್ದಿಯನ್ನು ಎದುರು ಕೂತವರಿಗೆ ಮುಟ್ಟಿಸಬೇಕು. ಕಣ್ಣು ಮಿಟುಕಿಸುವಂತಿಲ್ಲ, ಮುಖ ಸಿಂಡರಿಸುವಂತಿಲ್ಲ, ದನಿ ಏರಿಸುವಂತಿಲ್ಲ. ಇಪ್ಪತ್ತೆಂಟು ಆಡುವಾಗ ನೀವು, ಓರಗಿತ್ತಿ ಕಣ್ಣಲ್ಲೇ ಮಾತಾಡಿಕೊಳ್ಳೋದು ಇದ್ದರೆ ಇಲ್ಲಿ ಅದನ್ನು ಪೂರ್ತಿ ಬಿಡಬೇಕು. ಅದು ಇಲ್ಲಿ ಮೋಸ. ಈ 38 ಮಾತು ವಿಯೆನ್ನಾದಲ್ಲೂ ಅವೇ, ಲಂಡನ್‌ನಲ್ಲೂ ಅವೇ, ನಿಮ್ಮ ಜಗಲಿಯಲ್ಲೂ ಅವೇ. ಊರು ಕಳೆದುಕೊಂಡು ಬಂದ ಹೆಣ್ಣುಮಗಳು ಲಂಡನ್‌ನ ಬ್ರಿಡ್ಜ್ ಟೇಬಲ್ ಮುಂದೆ ಕೂತಾಗ ಅಲ್ಲಿ ಮಾತ್ರ ಪರಕೀಯಳಾಗಿರಲಿಲ್ಲ ಅನ್ನೋದು ನನ್ನ ಅನಿಸಿಕೆ.

ಯುದ್ಧ ಮುಗಿದ ಮೇಲೆ ಅವರು ಬ್ರಿಟನ್ ಪರವಾಗಿ ಆಡತೊಡಗಿದರು. ಆಗ ಅವರ ಜೊತೆ ಕೂತವರು ಫ್ರಿಟ್ಸಿ ಗಾರ್ಡನ್. ಅವರೂ ವಿಯೆನ್ನಾದವರೇ, ಅವರೂ ಲಂಡನ್‌ಗೆ ಓಡಿ ಬಂದವರೇ. ಈ ಜೋಡಿ ಎದುರು ಬಂದರೆ ಎಂಥವರಿಗೂ ಅಳುಕು. 1962ರಲ್ಲಿ ಫ್ರಾನ್ಸ್‌ನ ಕಾನ್‌ನಲ್ಲಿ ಮಹಿಳಾ ಜೋಡಿಗಳ ವಿಶ್ವ ಪ್ರಶಸ್ತಿ. ಅದೇ ವರ್ಷ ಮಿಶ್ರ ತಂಡಗಳ ವಿಶ್ವ ಪ್ರಶಸ್ತಿ. 1964ರಲ್ಲಿ ನ್ಯೂಯಾರ್ಕ್‌ನ ಒಲಿಂಪಿಯಾಡ್‌ನಲ್ಲಿ ಬ್ರಿಟನ್ ಮಹಿಳಾ ತಂಡಕ್ಕೆ ಗೆಲುವು. 1974ರಲ್ಲಿ ಕ್ಯಾನರಿ ದ್ವೀಪದ ಲಾಸ್ ಪಾಲ್ಮಾಸ್‌ನಲ್ಲಿ ಮತ್ತೆ ಮಹಿಳಾ ಜೋಡಿಗಳ ವಿಶ್ವ ಪ್ರಶಸ್ತಿ. 1937ರದ್ದೂ ಸೇರಿಸಿದರೆ ರಿಕ್ಸಿಗೆ ಒಟ್ಟು ಐದು ವಿಶ್ವ ಪ್ರಶಸ್ತಿ. 1974ರಲ್ಲೇ ವಿಶ್ವ ಗ್ರ್ಯಾಂಡ್ ಮಾಸ್ಟರ್ ಆದರು. ಆ ಪದವಿ ಪಡೆದ ಮೊದಲ ಹೆಂಗಸು ಅವರು.

ವಯಸ್ಸು ಲೆಕ್ಕ ಹಾಕಿ ನೋಡಿ. ಮೊದಲ ವಿಶ್ವ ಪ್ರಶಸ್ತಿಗೂ ಎರಡನೆಯದಕ್ಕೂ ನಡುವೆ 25 ವರ್ಷ. ಎರಡನೆಯದು ಬಂದಾಗ ಐವತ್ತು ದಾಟಿತ್ತು. ಐದನೆಯದು ಬಂದಾಗ 64ರ ಸುಮಾರು. ನೀವು 48ಕ್ಕೇ ತಡ ಆಯ್ತಾ ಅಂತ ಕೇಳುತ್ತಿದ್ದೀರಿ! ಅವರು ಎಳೆಯ ವಯಸ್ಸಿನಿಂದಲೂ ಆಡಿದವರು, ನೀವು ಈಗ ಶುರು ಮಾಡಿದವರು, ಆ ವ್ಯತ್ಯಾಸ ಇದೆ. ಆದರೆ ವಯಸ್ಸು ಈ ಆಟಕ್ಕೆ ಅಡ್ಡ ಬರೋಲ್ಲ ಅನ್ನೋದು ಖಂಡಿತ.

ಹಾಗಂತ ಅವರು ದೇವತೆ ಏನೂ ಅಲ್ಲ. ಟೇಬಲ್ ಮುಂದೆ ರಿಕ್ಸಿ, ಫ್ರಿಟ್ಸಿ ಆಡುತ್ತಿದ್ದ ಜಗಳ ಅವರ ಆಟದಷ್ಟೇ ಪ್ರಸಿದ್ಧ. ಎಲ್ಲರ ಎದುರೇ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ನನಗೆ ಇದು ಹಿಡಿಸೋಲ್ಲ. ಎಷ್ಟೋ ಒಳ್ಳೆಯ ಜೋಡಿಗಳು ಬಾಯಿಂದಲೇ ಹಾಳಾದದ್ದನ್ನು ಕಂಡಿದ್ದೇನೆ. ಅವರಿಬ್ಬರೂ ಅಷ್ಟು ಜಗಳವಾಡಿಯೂ ಗೆದ್ದದ್ದು ಯಾಕೆ ಅಂದರೆ, ಮುಂದಿನ ಹ್ಯಾಂಡ್‌ನಲ್ಲಿ, ಅಂದರೆ ಮತ್ತೆ ಎಲೆ ಹಂಚಿ ಆಡುವಾಗ, ಜೊತೆಗಾರ್ತಿಯ ಬಿಡ್ ಮೇಲೆ ಪೂರ್ತಿ ನಂಬಿಕೆ ಇಟ್ಟೇ ಆಡುತ್ತಿದ್ದರು. ಸಿಟ್ಟು ಬಾಯಲ್ಲಿ ಇರುತ್ತಿತ್ತು, ಎಲೆಗೆ ಇಳಿಯುತ್ತಿರಲಿಲ್ಲ. ಇದು ಎಲ್ಲರಿಗೂ ಬರೋ ವಿದ್ಯೆ ಅಲ್ಲ. ನೀವು, ಓರಗಿತ್ತಿ ಒಂದೇ ಒಲೆ ಮುಂದೆ ಅಡುಗೆ ಮಾಡಬೇಕಾದವರು. ಹಾಗಾಗಿ ಒಂದು ನಿಯಮ ಮಾಡಿಕೊಳ್ಳಿ: ಆಟ ನಡೆಯುವಾಗ ತಪ್ಪಿನ ಮಾತು ಬೇಡ. ಎದ್ದ ಮೇಲೆ, ಕಾಫಿ ಕುಡಿಯುತ್ತಾ, ಆ ಒಂದು ಹ್ಯಾಂಡನ್ನು ಮತ್ತೆ ಹರಡಿಕೊಂಡು ಮಾತಾಡಿ.

ಹೊಟ್ಟೆಪಾಡಿಗೆ ಅವರು ಏನು ಮಾಡಿದರು? ಆಟದ ಸುತ್ತಲೇ ಬದುಕು ಕಟ್ಟಿಕೊಂಡರು. 1955ರಿಂದ ಗಾರ್ಡಿಯನ್ ಪತ್ರಿಕೆಗೆ ಬ್ರಿಡ್ಜ್ ಅಂಕಣ ಬರೆದರು, ಹತ್ತಿರ ಹತ್ತಿರ ಬದುಕಿನ ಕೊನೆಯವರೆಗೂ. ಪುಸ್ತಕ ಬರೆದರು. ಬ್ರಿಟಿಷ್ ಸಂಸತ್ತಿನ ಎರಡು ಸದನಗಳ ನಡುವೆ ಬ್ರಿಡ್ಜ್ ಪಂದ್ಯ ನಡೆಯುವ ಹಾಗೆ ಮಾಡಿದವರು ಇವರೇ, 1975ರಲ್ಲಿ. ಅದೇ ವರ್ಷ ಬ್ರಿಟಿಷ್ ಸರ್ಕಾರ ಬ್ರಿಡ್ಜ್ ಸೇವೆಗಾಗಿ ಎಂಬಿಇ ಗೌರವ ಕೊಟ್ಟಿತು. 1992ರ ಏಪ್ರಿಲ್ 4ರಂದು ಲಂಡನ್‌ನಲ್ಲಿ ತೀರಿಕೊಂಡರು. ಫ್ರಿಟ್ಸಿ ಕೂಡ ಅದೇ ವರ್ಷ ಹೋದರು.

ಇಂಥವರ ತಲೆಯೊಳಗೆ ಆಟ ಹೇಗೆ ಓಡುತ್ತೆ? ನೆನಪಿನ ಶಕ್ತಿ ಜಾಸ್ತಿ ಇದ್ದರೆ ಸಾಕು ಅಂತ ಜನ ತಿಳಿದಿದ್ದಾರೆ. ಅದು ಅರ್ಧ ಮಾತ್ರ ನಿಜ. ಒಂದು ಹ್ಯಾಂಡ್ ತೋರಿಸುತ್ತೇನೆ, ಎಲೆ ಹರಡಿಕೊಂಡೇ ಓದಿ.

ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಪಾಯಿಂಟ್ ಅಂತ ಮಗಳು ಹೇಳಿಕೊಟ್ಟಿರುತ್ತಾಳೆ. ಕಟ್ಟಿನಲ್ಲಿ ಒಟ್ಟು 40. ಸುಮಾರು 13 ಇದ್ದರೆ ಯಾರಾದರೂ ಬಿಡ್ ಶುರು ಮಾಡೇ ಮಾಡುತ್ತಾರೆ. ಈಗ ನಿಮ್ಮ ಎಡಗಡೆಯವರು ಎಲೆ ಹಂಚಿದರು, ಮೊದಲ ಮಾತು ಅವರದ್ದೇ, ಪಾಸ್ ಅಂದರು. ಆಮೇಲೆ ಬಿಡ್ ಮುಗಿದು ಆಟ ನಿಮ್ಮ ಕೈಗೆ ಬಂತು. ಓರಗಿತ್ತಿ ಎದುರು ಎಲೆ ಬಿಚ್ಚಿ ಹರಡಿದರು, ಅದು ಡಮ್ಮಿ, ಆ ಎಲೆಯನ್ನೂ ನೀವೇ ಆಡಬೇಕು. ಡಮ್ಮಿಯಲ್ಲಿ ಆಟೀನು ಎಕ್ಕ, ರಾಣಿ ಇವೆ. ನಿಮ್ಮ ಕೈಯಲ್ಲಿ ಸಣ್ಣ ಆಟೀನು ಎರಡು. ರಾಜ ಯಾರ ಹತ್ತಿರ?

ಹೊಸಬರು ಏನು ಮಾಡುತ್ತಾರೆ ಅಂದರೆ, ಕೈಯಿಂದ ಸಣ್ಣ ಆಟೀನು ಇಳಿಸಿ, ಎಡಗಡೆಯವರು ಸಣ್ಣದು ಹಾಕಿದರೆ ಡಮ್ಮಿಯಿಂದ ರಾಣಿ ಹಾಕುತ್ತಾರೆ. ಇದಕ್ಕೆ ಫಿನೆಸ್ ಅಂತಾರೆ. ರಾಜ ಎಡಗಡೆ ಇದ್ದರೆ ಗೆಲುವು, ಬಲಗಡೆ ಇದ್ದರೆ ಸೋಲು. ಅರ್ಧಕ್ಕರ್ಧ ಅದೃಷ್ಟ. ರಿಕ್ಸಿಯಂಥವರು ಅಷ್ಟಕ್ಕೇ ಬಿಡೋಲ್ಲ. ಎಡಗಡೆಯವರು ಇಷ್ಟೊತ್ತಿಗೆ ಡೈಮಂಡ್ ಎಕ್ಕ, ರಾಜ ಎರಡನ್ನೂ ಇಳಿಸಿದ್ದಾರೆ, ಅಲ್ಲಿಗೆ 7. ಕಳಾವರ್ ರಾಜನನ್ನೂ ಇಳಿಸಿದರು, 10 ಆಯಿತು. ಆಟೀನು ರಾಜನೂ ಅವರ ಹತ್ತಿರವೇ ಇದ್ದಿದ್ದರೆ 13 ಆಗುತ್ತಿತ್ತು. 13 ಇಟ್ಟುಕೊಂಡು ಪಾಸ್ ಅನ್ನುತ್ತಿದ್ದರಾ? ಇಲ್ಲ. ಅಲ್ಲಿಗೆ ರಾಜ ಬಲಗಡೆಯವರ ಹತ್ತಿರ ಇದ್ದಾನೆ. ರಾಣಿ ಹಾಕಿದರೆ ಹೋಯಿತು ಅಂತಲೇ.

ಹಾಗಾದರೆ ದಾರಿ? ಆಟೀನನ್ನು ಮುಟ್ಟದೆ ಬಿಡಿ. ಉಳಿದ ಬಣ್ಣಗಳನ್ನು ಮೊದಲು ಖಾಲಿ ಮಾಡಿಸಿ. ಎದುರಾಳಿಗೆ ಹೇಗೂ ಬಿಟ್ಟುಕೊಡಬೇಕಾದ ಒಂದು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಒಂದು ಸುತ್ತು) ಇದ್ದರೆ, ಬಲಗಡೆಯವರ ಕೈಯಲ್ಲಿ ಬರೀ ಆಟೀನು ಉಳಿದ ಹೊತ್ತಿಗೆ ಅದನ್ನು ಅವರಿಗೇ ಕೊಡಿ. ಈಗ ಅವರೇ ಆಟೀನು ಇಳಿಸಬೇಕು. ಬೇರೆ ಗತಿ ಇಲ್ಲ. ಅವರು ಸಣ್ಣದು ಹಾಕಿದರೆ ಡಮ್ಮಿಯ ರಾಣಿ ಗೆಲ್ಲುತ್ತಾಳೆ, ರಾಜನನ್ನೇ ಹಾಕಿದರೆ ಎಕ್ಕ ಹೊಡೆಯುತ್ತದೆ. ಎಲ್ಲ ಹ್ಯಾಂಡ್‌ನಲ್ಲೂ ಈ ಅನುಕೂಲ ಸಿಗೋಲ್ಲ. ಸಿಕ್ಕಾಗ ಕಾಣಿಸಬೇಕು ಅಂದರೆ ಮೊದಲ ಪಾಸ್ ಅನ್ನು ಕೊನೆ ತನಕ ಮರೆಯಬಾರದು. ಆಡದೇ ಬಿಟ್ಟ ಮಾತನ್ನೂ ಕೇಳಿಸಿಕೊಳ್ಳಬೇಕು. ಇದನ್ನು ಕೂಡುಗುಟುಂಬದಲ್ಲಿ ಬಾಳಿದ ಹೆಂಗಸರಿಗೆ ನಾನು ಹೇಳಿಕೊಡಬೇಕಾಗಿಲ್ಲ ಅಲ್ವಾ?

ಇನ್ನು ನಿಮ್ಮ ಅತ್ತೆಯವರ ಮಾತು. ದಯವಿಟ್ಟು ಅದನ್ನು ಹಳೇ ಕಾಲದ ಮಾತು ಅಂತ ತಳ್ಳಿಹಾಕಬೇಡಿ. ಅಂದರ್ ಬಾಹರ್‌ಗೆ ಕೂತು ಅಡಿಕೆ ತೋಟ ಅಡ ಇಟ್ಟ ಮನೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊಯ್ಲು ಮುಗಿದು ಕೈಗೆ ದುಡ್ಡು ಬರೋ ಹೊತ್ತಿಗೇ ಎಲೆ ಹಂಚೋರು ಬಾಗಿಲಿಗೆ ಬರುತ್ತಿದ್ದರು. ಆ ಮನೆಯ ಹೆಂಗಸು ಆಮೇಲೆ ಬೇರೆಯವರ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಕೂಲಿಗೆ ಅಡಿಕೆ ಸುಲಿದರು. ಅತ್ತೆಯವರೂ ಇಂಥದ್ದನ್ನು ನೋಡಿರುತ್ತಾರೆ. ಅವರ ಭಯ ಸುಮ್ನೆ ಹುಟ್ಟಿದ್ದಲ್ಲ.

ಆದರೆ ಅದು ಬೇರೆ, ಇದು ಬೇರೆ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯ ಬಗ್ಗೆ ತೀರ್ಪು ಕೊಡುವಾಗ ಅದು ಮುಖ್ಯವಾಗಿ ಕೌಶಲದ ಆಟ ಅಂತ ಹೇಳಿತು. ರಮ್ಮಿಯಲ್ಲಿರುವ ಅದೃಷ್ಟ ಬ್ರಿಡ್ಜ್‌ನಲ್ಲಿ ಎಲೆ ಹಂಚುವಾಗ ಇರೋ ಅದೃಷ್ಟದಂಥದ್ದೇ ಅಂತ ಬ್ರಿಡ್ಜ್ ಅನ್ನೇ ಅಳತೆಗೋಲು ಮಾಡಿಕೊಂಡಿತು. ದೊಡ್ಡ ಪಂದ್ಯಗಳಲ್ಲಂತೂ ಹಂಚುವ ಅದೃಷ್ಟವನ್ನೂ ತೆಗೆದುಹಾಕುತ್ತಾರೆ. ಒಂದು ಟೇಬಲ್‌ನಲ್ಲಿ ಆಡಿದ ನಾಲ್ಕು ಕೈ ಎಲೆಯನ್ನೂ ಹಾಗೆಯೇ ಬೋರ್ಡ್‌ನಲ್ಲಿಟ್ಟು ಮುಂದಿನ ಟೇಬಲ್‌ಗೆ ಕಳಿಸುತ್ತಾರೆ. ಅಲ್ಲಿಯವರೂ ಅವೇ ಎಲೆಯಲ್ಲಿ ಆಡಬೇಕು. ನಿಮಗೆ ಕೆಟ್ಟ ಎಲೆ ಬಂದಿದ್ದರೆ ಇನ್ನೊಂದು ಟೇಬಲ್‌ನಲ್ಲಿ ನಿಮ್ಮ ಜಾಗದಲ್ಲಿ ಕೂತವರಿಗೂ ಅದೇ ಕೆಟ್ಟ ಎಲೆ. ಯಾರು ಅದನ್ನು ಚೆನ್ನಾಗಿ ಆಡಿದರು ಅನ್ನೋದಷ್ಟೇ ಲೆಕ್ಕ. ಇದನ್ನು ಅತ್ತೆಯವರಿಗೆ ಎಲೆ ಇಟ್ಟುಕೊಂಡೇ ತೋರಿಸಿ, ಬಾಯಿಮಾತಲ್ಲಿ ಹೇಳಬೇಡಿ. ಮನೆಯಲ್ಲಿ ಒಂದು ರೂಪಾಯಿಯನ್ನೂ ಪಣಕ್ಕಿಡಬೇಡಿ. ಮೊಬೈಲ್‌ನಲ್ಲಿ ದುಡ್ಡು ಕೇಳುವ ಎಲೆಯಾಟದ ಹತ್ತಿರವೂ ಹೋಗಬೇಡಿ. ಈ ವಿಷಯದಲ್ಲಿ ನಾನು ನಿಮ್ಮ ಅತ್ತೆಯವರ ಪಕ್ಷ.

ನಮ್ಮ ದೇಶದ ಸುದ್ದಿಯನ್ನೂ ಅವರಿಗೆ ಹೇಳಿ. 2018ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಡ್ಜ್ ಮೊದಲ ಸಲ ಪದಕದ ಆಟವಾಯಿತು. ಪುರುಷರ ಜೋಡಿಯಲ್ಲಿ 60 ವರ್ಷದ ಪ್ರಣಬ್ ಬರ್ಧನ್, 56 ವರ್ಷದ ಶಿಬನಾಥ್ ಸರ್ಕಾರ್ ಚಿನ್ನ ಗೆದ್ದರು. ಇಬ್ಬರೂ ಬಂಗಾಳದವರು, ಸುಮಾರು ಇಪ್ಪತ್ತು ವರ್ಷದ ಜೋಡಿ. ಮಿಶ್ರ ತಂಡಕ್ಕೆ ಕಂಚು ಬಂತು, ಅದರಲ್ಲಿ ಕಿರಣ್ ನಾಡಾರ್, ಹೇಮಾ ದಿಯೋರಾ, ಹಿಮಾನಿ ಖಂಡೇಲ್‌ವಾಲ್ ಇದ್ದರು. ಆ ಸಲ ಭಾರತದಿಂದ ಹೋದ ಕ್ರೀಡಾಪಟುಗಳಲ್ಲಿ ಎಲ್ಲರಿಗಿಂತ ಹಿರಿಯರು ಬ್ರಿಡ್ಜ್ ಆಟಗಾರ್ತಿ ರೀಟಾ ಚೋಕ್ಸಿ, ವಯಸ್ಸು 79. ನಿಮ್ಮ ಅತ್ತೆಯವರ ವಯಸ್ಸೇ ಇರಬಹುದು. 2023ರಲ್ಲಿ ಹಾಂಗ್‌ಝೌ ಗೇಮ್ಸ್‌ನಲ್ಲಿ ಪುರುಷರ ತಂಡ ಬೆಳ್ಳಿ ತಂದಿತು.

ಈಗ ನೀವು ಮಾಡಬೇಕಾದ್ದು. ಇಪ್ಪತ್ತೆಂಟು ಆಡಿದವರಿಗೆ ಅರ್ಧ ದಾರಿ ಆಗಲೇ ಸವೆದಿರುತ್ತದೆ. ಎದುರು ಕೂತವರು ಜೊತೆ, ಕೂಗಿ ತುರುಪು ಗೆಲ್ಲೋದು, ಇಳಿದ ಎಲೆ ನೆನಪಿಡೋದು, ಇವೆಲ್ಲ ನಿಮಗೆ ಬರುತ್ತವೆ. ತುರುಪನ್ನು ಮಗುಚಿಟ್ಟು ಮುಚ್ಚಿಡೋದು ಮಾತ್ರ ಇಲ್ಲಿ ಇಲ್ಲ. ಎಲ್ಲರಿಗೂ ಗೊತ್ತಿರುವ ತುರುಪಿನಲ್ಲೇ ಆಡಬೇಕು. ಗುಲಾಮನ ವಿಷಯ ನನ್ನ ಕಥೆಯಲ್ಲೇ ಬಂತು. ನೆನಪಿಡೋ ಅಭ್ಯಾಸವನ್ನು ಒಂದೇ ಬಣ್ಣದಿಂದ ಶುರು ಮಾಡಿ. ಮೊದಲ ತಿಂಗಳು ತುರುಪಿನ 13 ಎಲೆ ಮಾತ್ರ ಎಣಿಸಿ, ಉಳಿದದ್ದು ಹೋದರೆ ಹೋಗಲಿ. ಐವತ್ತೆರಡನ್ನೂ ಒಟ್ಟಿಗೆ ನೆನಪಿಡೋಕೆ ಹೋದವರು ಎರಡೇ ವಾರಕ್ಕೆ ಬಿಡುತ್ತಾರೆ. ಅಡಿಕೆ ಸುಲಿಯೋ ರಾತ್ರಿಗಳಲ್ಲಿ ಕೈ ಕೆಲಸದಲ್ಲಿರುತ್ತೆ, ಬಾಯಿ ಖಾಲಿ ಇರುತ್ತೆ. ಆಗ ಇಬ್ಬರೂ ಬಿಡ್ಡಿಂಗ್ ಬಾಯಿಪಾಠ ಮಾಡಿಕೊಳ್ಳಿ: ಅವರು ಒಂದು ಕೈ ಎಲೆ ಹೇಳಲಿ, ನೀವು ಬಿಡ್ ಹೇಳಿ.

ಮನೆಯಲ್ಲಿ ನಾಲ್ಕು ಜನ ಸೇರದ ದಿನ ಬ್ರಿಡ್ಜ್ ಬೇಸ್ ಆನ್‌ಲೈನ್ ಇದೆ. ದುಡ್ಡು ಕೊಡದೆ ಆಡಬಹುದು, ಕಂಪ್ಯೂಟರ್ ಎದುರೂ ಆಡಬಹುದು. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬೋ ಹಾಗಿಲ್ಲ. ಬೇರೆ ಮನುಷ್ಯರ ಜೊತೆ ಆಡುವಾಗ ಅರ್ಧಕ್ಕೆ ಕಡಿದು ಹೋದರೆ ಮೂರು ಜನ ಕಾಯುತ್ತಾ ಕೂರಬೇಕಾಗುತ್ತೆ. ಆದ್ದರಿಂದ ಮಳೆ ಜೋರಿದ್ದ ದಿನ ಕಂಪ್ಯೂಟರ್ ಜೊತೆಗೇ ಆಡಿ. ಒಂದು ವರ್ಷ ಮನೆಯಲ್ಲಿ ಆಡಿ, ಕೈ ಪಳಗಿದ ಮೇಲೆ ಇಬ್ಬರೂ ಒಟ್ಟಿಗೆ ಹೊರಗಿನ ಪಂದ್ಯಕ್ಕೆ ಹೋಗಿ. ಒಬ್ಬರೇ ಹೋಗಬೇಡಿ. ಗೊತ್ತಿಲ್ಲದವರ ಜೊತೆ ಜೋಡಿ ಕಟ್ಟಿದರೆ ಮೊದಲ ಪಂದ್ಯದಲ್ಲಿ ಏನೂ ಅರ್ಥವಾಗೋಲ್ಲ.

ಇನ್ನೊಂದು ಸಣ್ಣ ವಿಷಯ, ಮರೆಯೋಕೆ ಮುಂಚೆ. ಇಪ್ಪತ್ತೆಂಟಿಗೆ ಎರಡರಿಂದ ಆರರ ತನಕದ ಎಲೆ ಬೇಕಾಗೋಲ್ಲ. ನಿಮ್ಮ ಕಟ್ಟಿನಲ್ಲಿ ಅವು ಡಬ್ಬಿಯೊಳಗೆ ಹೊಸದಾಗೇ ಉಳಿದಿರುತ್ತವೆ. ಏಳರ ಮೇಲಿನವು ಎಷ್ಟೋ ವರ್ಷ ಕೈಯಾಡಿ ಮಾಸಿರುತ್ತವೆ, ಅಂಚು ಮಡಚಿರುತ್ತವೆ. ಎರಡನ್ನೂ ಸೇರಿಸಿ ಬ್ರಿಡ್ಜ್ ಆಡಿದರೆ ಯಾರ ಕೈಯಲ್ಲಿ ದೊಡ್ಡ ಎಲೆ ಇದೆ ಅಂತ ಬೆನ್ನು ನೋಡಿಯೇ ಹೇಳಬಹುದು. ಮುಂದಿನ ಸಲ ಸಾಗರ ಪೇಟೆಗೆ ಹೋದಾಗ ಹೊಸ ಕಟ್ಟು ಎರಡು ತನ್ನಿ. ಒಂದು ಆಟದಲ್ಲಿರುವಾಗ ಇನ್ನೊಂದನ್ನು ಕಲೆಸಿ ಪಕ್ಕಕ್ಕೆ ಇಡಬಹುದು.